ಬಾವಿಕಟ್ಟೆಯ ಮೇಲೆ ಕೂತ ಸೂರ್ಯ

ಆ ಮುದುಕಿಯನ್ನು ಕಡೆಯ ಗ್ರಹ ಮಾಡಿದವನು ನಾನೇ. ಉಪನ್ಯಾಸಕರಲ್ಲ, ಪಟೇಲರಲ್ಲ, ಹಳೆಯ ಸರ್ಕಾರವಲ್ಲ, ಹೊಸದೂ ಅಲ್ಲ. ನಾನು. ಅದೂ ಪಟೇಲರ ದನಿಯಲ್ಲಿ, ಮೂಗಿನಿಂದ, ಕೊನೆಯ ಅಕ್ಷರವನ್ನು ಎಳೆದು. ಮಕ್ತಲ್‌ನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ನನಗೆ ಅಷ್ಟು ಸಾಕಾಗಿತ್ತು. ನನ್ನ ತಲೆಯೊಳಗೆ ಸ್ವಂತದ್ದು ಏನೂ ಇರಲಿಲ್ಲವಾದ್ದರಿಂದ ಯಾರ ದನಿ ಹಾಕಿದರೂ ಅದು ಕಾಳು ತೆಗೆದ ಖಾಲಿ ಹಗೇವಿನಂತೆ ಚೆನ್ನಾಗಿ ಮೊಳಗುತ್ತಿತ್ತು.

ನಾನು ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವವನು. ಬಂದವರ ಹೊಟ್ಟೆ ಭುಜಗಳನ್ನು ನನ್ನ ಉಸ್ತಾದರು ಟೇಪು ಹಿಡಿದು ಅಳೆಯುತ್ತಿದ್ದರೆ ನಾನು ಅವರ ಮಾತನ್ನು ಕಿವಿಯಿಂದ ಅಳೆದುಕೊಳ್ಳುತ್ತಿದ್ದೆ. ತಹಶೀಲ್ದಾರ್ ಸಾಹೇಬರು ಹುಕುಂ ಕೊಡುವ ಮೊದಲು ಕೆಮ್ಮುವ ಕೆಮ್ಮು, ನಾರಾಯಣಪೇಟೆಯ ಸೀರೆ ಸಾಹುಕಾರರು ತೆಲುಗಿನಲ್ಲಿ ಆಣೆ ಹಾಕುವ ರೀತಿ, ಕುರುಬರ ಹಿರಿಯ ಹಾಲು ಕರೆಯುವಾಗ ಆಡಿಗೆ ಬಯ್ಯುವ ಬೈಗುಳ, ಎಲ್ಲ ನನ್ನ ಗಂಟಲಲ್ಲಿ ಮಡಚಿ ಇಟ್ಟಿದ್ದವು. ಊರವರು ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ‘ನಕಲಿ’ ಎನ್ನುತ್ತಿದ್ದರು. ಒಮ್ಮೆ ಯಾರೋ, ‘ಎಲ್ಲರ್ದೂ ಮಾಡ್ತಿ, ನಿಂದು ಮಾಡಿ ತೋರ್ಸಲೇ’ ಅಂದಾಗ ಮಾತ್ರ ಬಾಯಿ ಕಟ್ಟಿಹೋಯಿತು. ಅದು ಹೇಗಿದೆ ಎಂದು ನನಗೇ ಗೊತ್ತಿರಲಿಲ್ಲ.

ನಿಜಾಮರ ಪರದ ರಜಾಕಾರರು ಓಡಾಡಿದ ದಿನಗಳಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ. ಅದನ್ನು ಸಂಯಮ ಅಂದುಕೊಳ್ಳಬೇಡಿ, ಹೆದರಿಕೆ ಅದು. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಫೌಜು ದೊಡ್ಡ ರಸ್ತೆಯಲ್ಲಿ ಹಾದುಹೋಯಿತು, ಊರಿನ ಬಾಯಿಗಳು ಒಮ್ಮೆಲೇ ತೆರೆದುಕೊಂಡವು. ಪಟೇಲರು ನಿಜಾಮರ ಕಾಲದ ತಮ್ಮ ಕೆಂಪು ರೂಮಿ ಟೋಪಿಯನ್ನು ಒಲೆಗೆ ಹಾಕಿದರು. ಉಣ್ಣೆ ಸುಟ್ಟ ವಾಸನೆ ಓಣಿಯಿಡೀ ತಿರುಗಾಡಿತು. ನನ್ನ ಅಣಕಕ್ಕೆ ನಗುತ್ತಿದ್ದ ಹುಡುಗರೇ, ಮುಸಲ್ಮಾನರೆಂದು, ಉಸ್ತಾದರ ಬಾಗಿಲಿಗೆ ಕಲ್ಲು ಹೊಡೆದರು. ಆ ಮುದುಕ ಜೀವಮಾನದಲ್ಲಿ ಕತ್ತರಿ ಬಿಟ್ಟು ಬೇರೆ ಹತ್ಯಾರ ಹಿಡಿದವರಲ್ಲ. ಪಟೇಲರು ತಮ್ಮ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದರು. ಕೆಲವು ತಿಂಗಳ ನಂತರ ಅಂಗಡಿ ಮತ್ತೆ ತೆರೆದಾಗ ಮೊದಲು ಬಂದವರೂ ಅವರೇ. ಹಳೆಯ ಶೇರವಾನಿಯನ್ನು ಕತ್ತರಿಸಿ ಹೊಸ ಕಾಲದ ಕೋಟು ಮಾಡಿಕೊಡಬೇಕಂತೆ. ಅವರು ಹೋದ ಮೇಲೆ ಉಸ್ತಾದರು ನನ್ನ ಮುಖ ನೋಡದೆ ಅಂದರು: ‘ಬೇಟಾ, ಕಪ್ಡಾ ವಹೀಚ್ ಹೈ. ಖಾಲಿ ಗಲಾ ಬದಲ್ನಾ.’ ಬಟ್ಟೆ ಅದೇ, ಕೊರಳಪಟ್ಟಿ ಮಾತ್ರ ಬದಲಿಸಬೇಕು. ಆ ಕೋಟಿಗೆ ಗುಂಡಿ ಹೊಲಿದವನು ನಾನು. ಹೊಲಿಯುತ್ತ ಪಟೇಲರ ದನಿಯಲ್ಲಿ ಭಾರತ ಮಾತೆಗೆ ಜೈಕಾರ ಹಾಕಿ ಉಸ್ತಾದರನ್ನು ನಗಿಸಲು ನೋಡಿದೆ. ಅವರು ನಗಲಿಲ್ಲ.

ಮರುವರ್ಷದ ಬೇಸಿಗೆಗೆ ಊರಿನ ತುಂಬ ಭವಿಷ್ಯ. ಹೋಟೆಲಿನ ಬೆಂಚಿನ ಮೇಲೆ ಕೂತವರೆಲ್ಲ ಮುಂದಿನ ಕಾಲದ ಗುತ್ತಿಗೆ ಹಿಡಿದವರಂತೆ ಮಾತಾಡುತ್ತಿದ್ದರು. ಮನೆಮನೆಗೆ ಬಿಜಲಿ ಬರುತ್ತದೆ, ಕೃಷ್ಣೆಯ ನೀರು ಅಂಗಳಕ್ಕೆ ಬರುತ್ತದೆ, ಜಾತಿ ಎಂಬುದನ್ನು ಮಕ್ಕಳು ಪುಸ್ತಕದಲ್ಲಿ ಓದಿ ನಗುತ್ತಾರೆ. ಆಗಲಿ. ಬೆಂಚಿನ ಮೇಲೆ ಹಾಗೆ ಮಾತಾಡಿದವರು ಹೊರಗಿನ ಜಗಲಿಯಲ್ಲಿ ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿಯುತ್ತಿದ್ದವರಿಗೆ ಒಂದು ಕಪ್ಪು ಕೊಡಿಸಲಿಲ್ಲ.

ಇಂಥ ಹೊತ್ತಿನಲ್ಲಿ ಪಟೇಲರು ಗದ್ವಾಲದಿಂದ ಒಬ್ಬ ಉಪನ್ಯಾಸಕರನ್ನು ಕರೆಸಿದರು. ಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಹರಿಗೋಲಿನಲ್ಲಿ ಹೊಳೆ ದಾಟಿ, ಎತ್ತಿನ ಗಾಡಿ ಹತ್ತಿ, ಧೂಳು ಮೆತ್ತಿದ ಹುಬ್ಬಿನೊಂದಿಗೆ ಬಂದರು. ‘ಬರುವ ಸಮಾಜ ಮತ್ತು ವಿಶ್ವದಲ್ಲಿ ಮಾನವನ ಸ್ಥಾನ’ ಎಂಬುದು ವಿಷಯ. ಒಳ್ಳೆಯ ಮನುಷ್ಯ. ಆಕಾಶದ ಮಾತು ಬಂದರೆ ಹೊಸದಾಗಿ ಮದುವೆಯಾದವನಂತೆ ನಾಚುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ, ಆದರೂ ಮಾಡಿಕೊಂಡಿದ್ದೇನೆ. ಅವರ ಕನ್ನಡ ಪುಸ್ತಕದಿಂದ ನೇರ ಎದ್ದು ಬಂದದ್ದು, ನಮ್ಮವರಿಗೆ ತಿಳಿಯುವಂಥದಲ್ಲ. ಅದಕ್ಕೇ ಪಟೇಲರು ನನಗೆ, ‘ಏ ನಕಲಿ, ಅವ್ರು ಹೇಳಿದ್ದನ್ನ ನಮ್ಮ ಮಾತಿನ್ಯಾಗ ಹೇಳು, ಮಂದಿ ನಗಬೇಕು’ ಎಂದು ಅಪ್ಪಣೆ ಕೊಡಿಸಿದರು. ನಾನು ಹೊಸ ಅಂಗಿ ಹಾಕಿಕೊಂಡು ಹೋದೆ.

ಸಭೆ ಚಾವಡಿಯ ಮುಂದಿನ ಸೇದುವ ಬಾವಿಯ ಬಳಿ, ಬಿಸಿಲು ಇಳಿಯುವ ಹೊತ್ತಿಗೆ. ಅಲ್ಲಿ ಬೇವಿನ ನೆರಳೂ ಇತ್ತು, ಕೂರಲು ಕಟ್ಟೆಯೂ ಇತ್ತು. ಆ ಬಾವಿಯ ರೀತಿ ಹೀಗೆ: ಕೆಳಗೇರಿಯವರು ಹಗ್ಗ ಮುಟ್ಟುವಂತಿಲ್ಲ. ದೂರದ ಒಂದು ಚಪ್ಪಟೆ ಕಲ್ಲಿನ ಮೇಲೆ ಕೊಡ ಇಟ್ಟು ನಿಂತಿರಬೇಕು. ಯಾರಿಗಾದರೂ ಮನಸ್ಸು ಬಂದರೆ ಸೇದಿ, ಎತ್ತರದಿಂದ ಹುಯ್ಯುತ್ತಾರೆ. ಕೇರಿಯವರಿಗೆ ಆಧಾರವಾಗಿದ್ದ ಹಳ್ಳದ ಒರತೆ ಆ ಬೇಸಿಗೆ ಬತ್ತಿತ್ತು.

ಕಲ್ಲಿನ ಹತ್ತಿರ ಆ ಮುದುಕಿ ಆಗಲೇ ನಿಂತಿದ್ದಳು. ಅಂಗಡಿಯ ಮುಂದೆ ಕಸ ಗುಡಿಸಲು ಬರುತ್ತಿದ್ದವಳು, ನನ್ನ ಬಾಯಿಗೆ ಸರಿಸಾಟಿಯಾಗಿ ಊರಿನಲ್ಲಿ ಇದ್ದ ಒಂದೇ ಬಾಯಿ ಅವಳದು.

‘ಏ ನಕಲಿ, ಎರಡು ಕೊಡ ಸೇದಿ ಹಾಕಪ್ಪ. ಮುಂಜಾನೆ ಸೊಸಿ ಹಡದಾಳ. ಕೂಸಿನ ಮೈಗೆ ಇನ್ನೂ ನೀರ ಹಾಕಿಲ್ಲ. ಮಧ್ಯಾಹ್ನದಿಂದ ನಿಂತೀನಿ, ಇವತ್ತ ಎಲ್ಲಾರೂ ಜಮಖಾನಿ ಹಾಸೂದ್ರಾಗ ಅದಾರ.’

ನಾನು ತಹಶೀಲ್ದಾರರ ಕೆಮ್ಮು ಕೆಮ್ಮಿ, ‘ಅರ್ಜಿ ಲಾವೋ!’ ಎಂದೆ.

‘ಅಯ್ಯ, ನಿನ್ನ ಹೊಟ್ಯಾಗ ತಾಸೀಲ್ದಾರ ಬಸುರಾಗ್ಯಾನೇನೋ? ಸೂಲಗಿತ್ತಿನ್ನ ನಮ್ಮ ಮನಿಂದ ನಿಮ್ಮ ಮನಿಗೆ ಕಳಸ್ತೀನಿ ತಡಿ.’

ನಕ್ಕೆ. ಭಾಷಣ ಮುಗಿಯಲಿ, ಸೇದಿ ಹಾಕುತ್ತೇನೆ ಎಂದೆ. ಹೊಸ ಅಂಗಿ ನೆನೆಯುತ್ತದಲ್ಲ.

ಉಪನ್ಯಾಸಕರು ಶುರು ಮಾಡಿದರು. ಅನಂತ ವಿಶ್ವದಲ್ಲಿ ನಮ್ಮ ಭೂಮಿ ಒಂದು ಸಾಸಿವೆ, ಅದರ ಮೇಲಿನ ಮಾನವ ಸಾಸಿವೆಯ ಮೇಲಿನ ಧೂಳು, ಅವನ ಅಹಂಕಾರಕ್ಕೆ ಅರ್ಥವಿಲ್ಲ. ನಾನು ಅದನ್ನು ಒಗ್ಗರಣೆ ಹಾಕಿ ಬಡಿಸಿದೆ. ಪಟೇಲರು ತಲೆದೂಗಿದರು: ‘ಖರೇ ಐತಿ, ಖರೇ ಐತಿ, ನಾವೆಲ್ಲ ಧೂಳು.’ ಹೊಸ ಕೋಟಿನ ಮೇಲೆ ಕೂತ ಬೇವಿನೆಲೆಯನ್ನು ಆಳು ಬಂದು ತೆಗೆದ.

ಆಮೇಲೆ ಅವರು, ಗ್ರಹಗಳನ್ನು ಜನರಿಂದಲೇ ಮಾಡಿ ತೋರಿಸೋಣ ಎಂದರು. ಯಾರು ಯಾವ ಗ್ರಹ ಎಂಬುದನ್ನು ನನಗೇ ಬಿಟ್ಟರು. ಪಟೇಲರು ಕಟ್ಟೆಯ ಮೇಲೆ, ರಾಟೆಯ ಪಕ್ಕದಲ್ಲೇ ಕೂತಿದ್ದರು. ಸೂರ್ಯ ಅವರೇ ಆದರು. ಅವರ ಕಾರಕೂನ ಬುಧ. ಸೀರೆ ಸಾಹುಕಾರರು ಶುಕ್ರ; ನೆರಳು ಬಿಟ್ಟು ನಿಲ್ಲಬೇಕಾಗಿ ಬಂದದ್ದಕ್ಕೆ ‘ಅಬ್ಬಾ, ಎಂಡ ಬಾಬೂ, ಎಂಡ’ ಎಂದು ತೆಲುಗಿನಲ್ಲಿ ಬಿಸಿಲನ್ನು ಬೈದು ಶಲ್ಯ ಹೊದ್ದುಕೊಂಡರು. ಭೂಮಿ ನಾನು. ನಾರಾಯಣಪೇಟೆ ಹತ್ತಿರದ ಮದ್ದೂರಿನ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಕುರುಬರ ಹಿರಿಯನ ಸೊಂಟಕ್ಕೆ ಅವನ ಕಂಬಳಿಯನ್ನೇ ಬಳೆಯಂತೆ ಸುತ್ತಿ ಶನಿ ಎಂದೆ.

‘ಶನೀನ? ನಮ್ಮ ಕುಲದೇವ್ರು ಬೀರಪ್ಪ ಕೇಳಿದ್ರ ಸಿಟ್ಟಾಗ್ತಾನೋ ಮಾರಾಯ. ಬ್ಯಾರೆ ಯಾವುದರ ಕೊಡು, ಕುರಿ ಹಿಂಡು ಐತಿ ನಂದು.’

ನಗು ಏರುತ್ತಿತ್ತು. ಉಪನ್ಯಾಸಕರು ಅಂದರು: ‘ಎಲ್ಲಕ್ಕಿಂತ ದೂರದಲ್ಲಿ ಇನ್ನೊಂದುಂಟು. ಬರಿಗಣ್ಣಿಗೆ ಕಾಣದು. ಅಲ್ಲಿಗೆ ಸೂರ್ಯನ ಶಾಖ ತಲುಪುವುದೇ ಅಲ್ಪ.’ ನಾನು ಸುತ್ತ ನೋಡಿದೆ. ಆಮೇಲೆ ಪಟೇಲರ ಮೂಗಿನಿಂದ ಕೂಗಿದೆ: ‘ಏ ಮುದುಕೀ, ನೀನ ಆಗು! ನೀ ಹ್ಯಾಂಗೂ ಅಲ್ಲೇ ನಿಂತೀಯಲ್ಲಾ!’

ಸಭೆ ಉರುಳಾಡಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಪಟೇಲರು. ತಮ್ಮ ದನಿಯನ್ನು ತಾವೇ ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮುದುಕಿ ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ದನಿ ಯಾರದಾದರೂ ಬಾಯಿ ಯಾರದೆಂದು ಅವಳಿಗೆ ಗೊತ್ತಿತ್ತು. ನಾನು ಪಟೇಲರನ್ನು ಅಣಕಿಸಿರಲಿಲ್ಲ, ಅವರ ಕೆಲಸ ಮಾಡಿಕೊಟ್ಟಿದ್ದೆ. ಕೂಲಿಯನ್ನೂ ಕೇಳಿರಲಿಲ್ಲ.

‘ಈಗ ತಿರುಗಿ’ ಎಂದರು ಉಪನ್ಯಾಸಕರು. ತಿರುಗಿದೆವು. ನಡುವೆ ಸೂರ್ಯ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಮುದುಕಿ ತಿರುಗಲಿಲ್ಲ, ಅವಳ ದಾರಿ ಚರಂಡಿಯಲ್ಲಿ ಹಾದು ಮುಳ್ಳುಬೇಲಿಯಲ್ಲಿ ತೂರಿ ಹೋಗಬೇಕಿತ್ತು. ಉಪನ್ಯಾಸಕರು ಭಾವಾವೇಶದಿಂದ, ಸೂರ್ಯ ಯಾವ ಗ್ರಹವನ್ನೂ ಕುಲ ಕೇಳಿ ಬೆಳಕು ಕೊಡುವುದಿಲ್ಲ, ಬರುವ ಸಮಾಜವೂ ಹೀಗೆಯೇ ಇರುತ್ತದೆ ಎಂದರು.

ದೂರದಿಂದ ಮುದುಕಿ ಕೂಗಿದಳು: ‘ಹಂಗಾರ ಸೂರ್ಯಪ್ಪಗ ಸ್ವಲ್ಪ ಏಳಾಕ ಹೇಳ್ರಿ. ಹಗ್ಗದ ಮ್ಯಾಲ ಕುಂತಾನ. ಯಾರರ ಎರಡು ಕೊಡ ಸೇದಿ ಹಾಕ್ರಿ.’

ಪಟೇಲರು ಉಗುಳಿ, ಸಾವಕಾಶವಾಗಿ ಅಂದರು: ‘ಸೂರ್ಯ ಏಳೂದಿಲ್ಲ ಮುದುಕಿ. ಸೂರ್ಯ ನಿಂತಲ್ಲೇ ನಿಂತಿರ್ತಾನ. ತಿರಗೂದು ನೀವು. ಮಾಸ್ತರು ಈಗ ಹೇಳಿದ್ದು ಕೇಳಲಿಲ್ಲೇನು?’

ಈ ಮಾತು ನೆನೆದಾಗಲೆಲ್ಲ ಇವತ್ತಿಗೂ ನನ್ನ ಸೂಜಿ ಬೆರಳಿಗೆ ಚುಚ್ಚುತ್ತದೆ. ಮೊದಲು ಪುರಾಣ ಹೇಳಿ ಕೂತಿದ್ದರು, ಆಮೇಲೆ ಸರ್ಕಾರಿ ಹುಕುಂ ಹೇಳಿ ಕೂತಿದ್ದರು, ಈಗ ಖಗೋಳಶಾಸ್ತ್ರ ಹೇಳಿ ಕೂತರು. ಕೂತ ಜಾಗ ಒಂದೇ.

ಉಪನ್ಯಾಸಕರಿಗೆ ಕಸಿವಿಸಿಯಾಯಿತು. ಅವರು ನನ್ನ ಕಡೆ ತಿರುಗಿ, ‘ಆ ತಾಯಿಗೆ ತಿಳಿಸಿ ಹೇಳು. ಇಷ್ಟು ದೊಡ್ಡ ವಿಶ್ವದಲ್ಲಿ ನಾವೆಲ್ಲ ಕಣಗಳು, ಒಂದು ಗಳಿಗೆಯ ತಾಳ್ಮೆ ಬೇಕು. ಕಾಲ ಪಕ್ವವಾಗಬೇಕು. ಇನ್ನೈವತ್ತು ವರ್ಷಕ್ಕೆ ಆಕೆಯ ಮೊಮ್ಮಕ್ಕಳು ಇದೇ ಬಾವಿಯಲ್ಲಿ ತಾವೇ ನೀರು ಸೇದುತ್ತಾರೆ’ ಎಂದರು.

ನಾವೆಲ್ಲ ಧೂಳು ಎಂದು ಹೊಟ್ಟೆ ತುಂಬ ನೀರು ಕುಡಿದವನು ಅಂದರೆ ಅದು ತತ್ವ. ಗಂಟಲು ಒಣಗಿದವಳಿಗೆ ಅದನ್ನೇ ತಿರುಗಿ ಹೇಳಿದರೆ ಅದು ಬೈಗುಳ. ನಕ್ಷತ್ರಗಳ ಮುಂದೆ ಎಲ್ಲರೂ ಸಣ್ಣವರೇ, ಒಪ್ಪಿದೆ. ಆದರೆ ಆ ಸಣ್ಣತನವನ್ನು ಹಂಚುವಾಗ ಮಾತ್ರ ಯಾಕೆ ಕೆಳಗೇರಿಗೆ ಇಡೀ ಮೂಟೆ, ಕಟ್ಟೆಯ ಮೇಲಿನವರಿಗೆ ಬರೀ ಭಾಷಣದಷ್ಟು? ಇದನ್ನೆಲ್ಲ ಅಂದು ನಾನು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಅಂದು ಬಂದದ್ದು ಸಿಟ್ಟು, ಅಷ್ಟೇ. ಅದರಲ್ಲಿ ಅರ್ಧ ನನ್ನ ಮೇಲೆಯೇ.

‘ನೀವ ಹೇಳ್ಕೋರಿ ಆಕಿಗೆ. ನಾ ಹೇಳೂದಿಲ್ಲ’ ಎಂದೆ.

ದನಿ ಸಣ್ಣಗೆ, ಒಡಕಾಗಿ ಹೊರಟಿತು. ಕಾರಕೂನ ಕೇಳಿದ: ‘ಇದು ಯಾರ ದನಿಲೇ ನಕಲಿ? ಗುರುತ ಹತ್ತವಲ್ದು.’ ಶನಿ, ತನ್ನ ಕಂಬಳಿ ಸರಿ ಮಾಡಿಕೊಳ್ಳುತ್ತ, ‘ಆಡಿನ ಮರೀದು ಇದ್ದಂಗೈತಿ’ ಅಂದ. ಮತ್ತೆ ನಗು. ಜೀವನದಲ್ಲಿ ಮೊದಲ ಸಲ ನಾನು ನನ್ನ ದನಿಯಲ್ಲಿ ಮಾತಾಡಿದ್ದೆ. ಜನ ಅದಕ್ಕೂ ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಮುದುಕಿ ಕಲ್ಲಿನ ಮೇಲಿದ್ದ ಕೊಡಗಳನ್ನು ಎತ್ತಿಕೊಂಡಿದ್ದಳು. ಸುತ್ತು ಹಾಕಲಿಲ್ಲ, ನೇರ ಬಂದಳು. ಶನಿ ಕಂಬಳಿ ಎತ್ತಿ ದಾರಿ ಬಿಟ್ಟ. ನಾನು ಸರಿದೆ. ಶುಕ್ರ ಶಲ್ಯ ಬಿಗಿದುಕೊಂಡು ಹಿಂದೆ ಹಾರಿದ. ಕಟ್ಟೆಯ ಬುಡದಲ್ಲಿ ಕೊಡ ಇಳಿಸಿ, ಪಟೇಲರ ತೊಡೆಯಡಿ ಸಿಕ್ಕಿದ್ದ ಹಗ್ಗಕ್ಕೆ ಕೈ ಹಾಕಿದಳು.

ಮುಂದೆ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅವಳು ಎರಡೂ ಕೊಡ ತಾನೇ ಸೇದಿಕೊಂಡು ಹೋದಳು. ಉಪನ್ಯಾಸ ಅಲ್ಲಿಗೇ ನಿಂತಿತು. ಗದ್ವಾಲದ ಮೇಷ್ಟ್ರು ಗಾಡಿ ಹತ್ತುವಾಗ ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ಪಟೇಲರು ಕಟ್ಟೆಗೆ ಗೋಮೂತ್ರ ಹಾಕಿಸಿ ತೊಳೆಸಿದರು, ಹಗ್ಗ ಹೊಸದು ತರಿಸಿದರು. ಊರು ಬದಲಾಯಿತು ಎಂದು ನಾನು ಬರೆಯಲಾರೆ. ಚಪ್ಪಟೆ ಕಲ್ಲು ಅಲ್ಲೇ ಇದೆ. ಈಗ ಹೈದರಾಬಾದು ಸಂಸ್ಥಾನವನ್ನೇ ಭಾಷೆಯ ಮೇಲೆ ಹಂಚುತ್ತಾರಂತೆ. ನಮ್ಮೂರು ತೆಲುಗಿನ ಕಡೆ ಬೀಳುತ್ತದೋ ಕನ್ನಡದ ಕಡೆಯೋ ಎಂದು ಹೋಟೆಲಿನ ಬೆಂಚು ಮತ್ತೆ ಬಿಸಿಯಾಗಿದೆ. ಭವಿಷ್ಯದ ಮಾತಾಡುವವರ ದನಿ ನನಗೆ ಈಗಲೂ ಸೊಗಸಾಗಿ ಬರುತ್ತದೆ, ಕೇಳಿದರೆ ಮಾಡಿ ತೋರಿಸುತ್ತೇನೆ. ಆ ಮುದುಕಿಯದನ್ನು ಮಾಡುವುದಿಲ್ಲ. ಮಾತನ್ನಷ್ಟೇ ಬರೆದಿಡುತ್ತೇನೆ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ.

ಅವಳು ಕೈ ಹಾಕಿದ ಕೂಡಲೇ ಪಟೇಲರು ಹಗ್ಗದ ಮೇಲೆ ಕೈ ಒತ್ತಿ, ‘ಐವತ್ತು ವರ್ಷ ತಡಿ ಅಂದ್ರಲ್ಲ ಮಾಸ್ತರು, ಕಿವಿ ಇಲ್ಲೇನು? ಮುಂದಿನ ಕಾಲದವರು ಬರಲಿ, ಆಗ ನೋಡೂಣು’ ಎಂದರು. ಮುದುಕಿ ಹಗ್ಗ ಬಿಡದೆ, ಸಾವಕಾಶವಾಗಿ, ಅವರ ಹೊಸ ಕೊರಳಪಟ್ಟಿಯನ್ನೇ ನೋಡುತ್ತ ಅಂದಳು:

‘ನಿಮ್ಮ ಮುಂದಿನ ಕಾಲದವ ಇವತ್ತ ಮುಂಜಾನೆ ಹುಟ್ಯಾನ್ರೀ ಪಟೇಲ್ರ. ಮೈಮ್ಯಾಲ ನೆತ್ತರ ಒಣಗೇತಿ. ಏಳ್ರಿ.’