ರುಚಿ ನೋಡುವ ಕೆಲಸಕ್ಕೆ ಹೊರಟ ಗಾನಶ್ರೀ

ನಮ್ಮೂರು ಜಾವಳಿಯ ಗಾನಶ್ರೀ ಒಂದು ಸಂದರ್ಶನಕ್ಕೆ ಹದಿನೇಳು ದಿನ ತಯಾರಾದಳು. ಹದಿನೇಳು ದಿನವೂ ನಾನು ಜೊತೆಗಿದ್ದೆ. ಹಾಗಾಗಿ ಅವಳ ವಿಷಯ ಬರೆಯಲು ನನಗೆ ಯಾರನ್ನೂ ಕೇಳಬೇಕಾಗಿಲ್ಲ.

ಅವಳು ದೇವಸ್ಥಾನದ ಪೂಜೆಯ ಶಂಭು ಭಟ್ಟರ ಮಗಳು. ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಮೂಡಿಗೆರೆಯಲ್ಲಿ ಬಿ.ಎಸ್ಸಿ. ಮಾಡಿ, ಮೂರು ವರ್ಷದಿಂದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೈಕೆಳಗೆ ಇದ್ದಳು. ಕಾಫಿ ಹಣ್ಣು ತೂಗಿಸುವುದು, ಕಣದಲ್ಲಿ ತಿರುಳು ತೆಗೆದ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗಿತೋ ಇಲ್ಲವೋ ನೋಡುವುದು ಅವಳ ಕೆಲಸ. ಒಣಗಿದ ಬೀಜವನ್ನು ಹಲ್ಲಲ್ಲಿ ಕಚ್ಚಿ ನೋಡುವವರುಂಟು. ಇವಳು ಮೂಸಿಯೇ ಹೇಳುತ್ತಿದ್ದಳು. ಒಂದು ಸಲ, ಮೇಲಿಂದ ಎರಡನೇ ಸಾಲಿನ ರಾಶಿಗೆ ಹಲಸಿನ ತೊಳೆಯ ವಾಸನೆ ಬಂದಿದೆ, ನೆನೆಹಾಕುವ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದೀರಿ ಎಂದಳಂತೆ. ರೈಟರ್ ಹೌದೆಂದು ಒಪ್ಪಿಕೊಂಡರು.

ಮೂಗು ಹೀಗಿದ್ದರೂ ಬಾಯಿ ಮಾತ್ರ ಏಳುತ್ತಿರಲಿಲ್ಲ. ಮೊದಲು ಎರಡು ಕಡೆ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಎರಡೂ ಕಡೆ ಕೇಳಿದ್ದಕ್ಕೆಲ್ಲ "ನೀವು ಹೇಳಿದ ಹಾಗೆ ಸಾರ್" ಎಂದು ತಲೆ ತಗ್ಗಿಸಿ ಕೂತಿದ್ದಳು. ಮೂರನೆಯದು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನದು. ಎಸ್ಟೇಟುಗಳಿಂದ ಬಂದ ಕಾಫಿಯ ಸಿಪ್ಪೆ ತೆಗೆದು, ಆರಿಸಿ, ಪರದೇಶಕ್ಕೆ ಕಳಿಸುವ ಜಾಗ. ಅಲ್ಲಿ ರುಚಿ ನೋಡುವವರಿಗೆ ಒಬ್ಬ ಸಹಾಯಕಿ ಬೇಕಾಗಿತ್ತು.

"ಇದೂ ಆಗದಿದ್ದರೆ ಇನ್ನು ಅರ್ಜಿ ಹಾಕೂದಿಲ್ಲ ದೊಡ್ಡಮ್ಮ. ತಕ್ಕಡಿ ಮುಂದೆಯೇ ಕೂತಿರ್ತೇನೆ," ಎಂದು ಪತ್ರ ಹಿಡಿದು ನಮ್ಮ ಮನೆಗೆ ಬಂದಳು.

ನನ್ನ ಹತ್ತಿರ ಬಂದದ್ದಕ್ಕೆ ಕಾರಣವಿತ್ತು. ನನ್ನ ಯಜಮಾನರು ಸುಬ್ಬಣ್ಣನವರು ಮೂಡಿಗೆರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಾಫಿಪುಡಿ ಅಂಗಡಿ ಇಟ್ಟಿದ್ದರು. ಮುಂದೆ ಅವರು ಮಾರುತ್ತಿದ್ದರು, ಹಿಂದೆ ನಾನು ಹುರಿಯುತ್ತಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಬೀಜ ಯಾವ ಗಳಿಗೆಯಲ್ಲಿ ಸಿಡಿಯುತ್ತದೆ, ಎಷ್ಟು ಹೊತ್ತು ಬಿಟ್ಟರೆ ಕಹಿಯಾಗುತ್ತದೆ ಎಂಬುದು ಗೊತ್ತು. ಅವರು ಹೋಗಿ ಆರು ವರ್ಷವಾದರೂ ಹುರಿಯುವ ಡ್ರಮ್ ನನ್ನ ಹತ್ತಿರವೇ ಇದೆ.

ಪತ್ರದಲ್ಲಿ ಪರೀಕ್ಷೆಯ ರೀತಿ ಬರೆದಿತ್ತು. ಐದು ಬಟ್ಟಲು ಇಡುತ್ತಾರೆ. ಒಂದೊಂದಕ್ಕೂ ಹನ್ನೊಂದು ಗ್ರಾಂ ಪುಡಿ, ಬಿಸಿನೀರು, ನಾಲ್ಕು ನಿಮಿಷ. ಆಮೇಲೆ ಚಮಚದಲ್ಲಿ ತೆಗೆದು ಸೊರ್ ಎಂದು ಜೋರಾಗಿ ಎಳೆದು, ಬಾಯಲ್ಲಿ ಆಡಿಸಿ, ಉಗುಳಿ, ದೋಷವಿದ್ದ ಬಟ್ಟಲು ಯಾವುದೆಂದು ಹೇಳಬೇಕು. ಬಟ್ಟಲಿಂದ ಬಟ್ಟಲಿಗೆ ಅದೇ ಚಮಚ. ನಡುವೆ ಬಿಸಿನೀರಲ್ಲಿ ಒಮ್ಮೆ ಅದ್ದುವುದು, ಅಷ್ಟೆ.

ಗಾನಶ್ರೀ ಅದನ್ನು ಓದಿ ನನ್ನ ಮುಖ ನೋಡಿದಳು. ಅವರ ಮನೆಯಲ್ಲಿ ನೀರಿನ ಲೋಟವನ್ನೂ ತುಟಿಗೆ ತಾಗಿಸಿ ಯಾರೂ ಕುಡಿದವರಲ್ಲ. ಕಾಫಿಯಾದರೂ ಎತ್ತಿ, ಮೇಲಿಂದಲೇ ಬಾಯಿಗೆ ಬಿಟ್ಟುಕೊಳ್ಳುವುದು. ನಮ್ಮ ಮನೆಯಲ್ಲೂ ಹಾಗೆಯೇ.

"ಬಾಯಿಗಿಟ್ಟ ಚಮಚ ತಿರುಗಿ ಬಟ್ಟಲಿಗಾ? ಎಂಜಲಾಯ್ತಲ್ದಾ?"

"ಆಯ್ತು. ಐದೂ ಬಟ್ಟಲು ನಿಂದೇ. ನಿನ್ನೆಂಜಲು ನೀನು ಕುಡಿದರೆ ಯಾರ ಗಂಟು ಹೋಗ್ತದೆ ಮಾರಾಯ್ತಿ?"

"ಉಗುಳೂದು ಬೇರೆ. ಅದೂ ನಿಮ್ಮ ಎದುರಿಗೆ."

"ನಾನು ಅಡಿಕೆ ಹಾಕುವವಳು. ಉಗುಳೂದು ನೋಡದ ಕಣ್ಣಲ್ಲ ಇದು."

ಮೊದಲ ದಿನ ಅವಳು ಸೊರ್ ಎಂದದ್ದು ಬೆಕ್ಕು ಹಾಲು ನೆಕ್ಕಿದಷ್ಟೂ ಕೇಳಲಿಲ್ಲ. ಎರಡನೇ ದಿನ ಜೋರು ಮಾಡಲು ಹೋಗಿ ನೆತ್ತಿಗೆ ಹತ್ತಿ ಕೆಮ್ಮಿದಳು. ನಾಲ್ಕನೇ ದಿನ ಶಂಭು ಭಟ್ಟರು ಪೂಜೆ ಮುಗಿಸಿ ಹೋಗುವಾಗ ನಮ್ಮ ಅಂಗಳದಲ್ಲಿ ನಿಂತರು.

"ಎಂಥದದು ಸದ್ದು? ಪಂಪಿಗೆ ಗಾಳಿ ಹಿಡೀತಾ?"

"ನಿಮ್ಮ ಮಗಳು ಕಾಫಿ ಕುಡೀತಿದ್ದಾಳೆ," ಎಂದೆ.

"ಇಪ್ಪತ್ತಾರು ವರ್ಷ ಸದ್ದು ಮಾಡದೆ ಉಣ್ಣೂದು ಕಲಿಸಿದೆ. ನೀವು ನಾಲ್ಕೇ ದಿನದಲ್ಲಿ ಮರೆಸಿದಿರಲ್ಲ!" ಎಂದು ನಗುತ್ತಲೇ ಹೋದರು. ಬೇಡ ಎನ್ನಲಿಲ್ಲ. ಹೋಗು ಎಂದೂ ಅಂದಿರಲಿಲ್ಲ.

ಸದ್ದು ಬಂದ ಮೇಲೆ ಇನ್ನೊಂದು ತೊಡಕು ಕಂಡಿತು. ನಾನು ಐದರಲ್ಲಿ ಒಂದು ಬಟ್ಟಲಿಗೆ ಕೆಟ್ಟ ಬೀಜದ ಪುಡಿ ಬೆರೆಸಿ ಇಡುತ್ತಿದ್ದೆ. ಒಂದು ದಿನ ಮುಗ್ಗಲು ಹಿಡಿದದ್ದು, ಒಂದು ದಿನ ಹೊಗೆ ಕುಡಿದದ್ದು, ಒಂದು ದಿನ ಹಳೆಯ ಗೋಣಿಯಲ್ಲಿ ಕೂತದ್ದು. ಅವಳು ಸರಿಯಾದ ಬಟ್ಟಲ ಹತ್ತಿರವೇ ನಿಲ್ಲುತ್ತಿದ್ದಳು. ಆದರೆ ಹೇಳುವ ಮೊದಲು ನನ್ನ ಮುಖ ನೋಡುತ್ತಿದ್ದಳು. ನಾನು ಹುಬ್ಬು ಅಲ್ಲಾಡಿಸಿದರೆ ಸಾಕು, ಪಕ್ಕದ ಬಟ್ಟಲಿಗೆ ಹೋಗಿಬಿಡುತ್ತಿದ್ದಳು. ದೊಡ್ಡವರ ರುಚಿಯೇ ತನ್ನ ರುಚಿ ಎಂದು ಬೆಳೆದ ಹುಡುಗಿ.

ಒಂಬತ್ತನೇ ದಿನದಿಂದ ನಾನು ಅವಳಿಗೆ ಬೆನ್ನು ಹಾಕಿ ಕೂತೆ. ಹೂಬತ್ತಿ ಹೊಸೆಯುತ್ತಾ ಕೇಳುತ್ತಿದ್ದೆ. ಅವಳು ಹೇಳಿದ ಮೇಲೂ "ಅಲ್ಲ" ಎಂದು ಬೇಕೆಂದೇ ಸುಳ್ಳು ಹೇಳುತ್ತಿದ್ದೆ. ಮೂರು ದಿನ ಸೋತಳು. ಹನ್ನೆರಡನೇ ದಿನ, "ಅಲ್ಲ" ಎಂದದ್ದಕ್ಕೆ ಮತ್ತೊಮ್ಮೆ ಸೊರ್ ಎಂದು ಎಳೆದು, "ಹೌದು ದೊಡ್ಡಮ್ಮ. ನಾಲ್ಕನೇದೇ. ನೀವೇ ಬಂದು ನೋಡಿ ಬೇಕಾದ್ರೆ," ಎಂದಳು. ಸ್ವಲ್ಪ ಸಿಟ್ಟಿತ್ತು ದನಿಯಲ್ಲಿ. ನನಗೆ ಅದು ಬಹಳ ಹಿಡಿಸಿತು.

ಹದಿನೆಂಟನೇ ದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಅಡಿಕೆ ಹಾಕಿದ ಬಾಯಿಯ ವಾಸನೆ ಅವಳ ಮೂಗಿಗೆ ತೊಂದರೆಯಾದೀತೆಂದು ನಾನು ಅವತ್ತು ಅಡಿಕೆ ಮುಟ್ಟಲಿಲ್ಲ. ಸಂದರ್ಶನದ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಕೂತವಳಿಗೆ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಒಳಗೆ ಇಬ್ಬರು. ರುಚಿ ನೋಡುವವರಲ್ಲಿ ಹಿರಿಯರಾದ ಅರುಣಾ ಮೇಡಂ, ಮತ್ತೆ ಮ್ಯಾನೇಜರ್ ಬಸವರಾಜು. ಓದಿದ್ದು, ಮಾಡಿದ ಕೆಲಸ ಎಲ್ಲ ಕೇಳಿದರು. ಗಾನಶ್ರೀ ತಲೆ ಎತ್ತಿಯೇ ಹೇಳಿದಳು. ಆಮೇಲೆ ಬಟ್ಟಲುಗಳ ಮೇಜಿನ ಹತ್ತಿರ ಎದ್ದು ಹೋದರು.

ನಾನು ಲೆಕ್ಕ ತಪ್ಪಿದ್ದು ಇಲ್ಲಿ. ಐದೂ ಬಟ್ಟಲು ನಿಂದೇ ಎಂದು ಅವಳಿಗೆ ಹೇಳಿಕೊಟ್ಟಿದ್ದೆನಲ್ಲ. ಅಲ್ಲಿ ಹಾಗಿರಲಿಲ್ಲ. ಮೊದಲು ಅರುಣಾ ಮೇಡಂ ಚಮಚ ಅದ್ದಿ ಎಳೆದರು. ಅದೇ ಬಟ್ಟಲಿಗೆ ಬಸವರಾಜು ಅವರ ಚಮಚ. ಮೂರನೆಯವಳಾಗಿ ಇವಳು.

ಗಾನಶ್ರೀಯ ಕೈ ಬಟ್ಟಲ ಮೇಲೆಯೇ ನಿಂತಿತು. ನಾನು ಬೆಂಚಿನ ತುದಿ ಹಿಡಿದುಕೊಂಡೆ. ಅವಳು ಚಮಚ ತುಂಬಿದಳು. ತುಟಿಗೆ ತರಲಿಲ್ಲ. ಹಣೆಯವರೆಗೆ ಎತ್ತಿ, ಬಾಯಿ ತೆರೆದು, ಮೇಲಿಂದ ಸುರಿದುಕೊಂಡಳು. ಸೊರ್ ಇಲ್ಲ, ಏನಿಲ್ಲ. ಹದಿನೇಳು ದಿನದ ಕಲಿಕೆ ಹೋಯಿತು ಎಂದುಕೊಂಡೆ.

"ಇದೇನ್ರೀ ಹೀಗೆ, ತೀರ್ಥ ತಗೊಂಡ ಹಾಗೆ?" ಎಂದರು ಬಸವರಾಜು.

"ನನ್ನೆಂಜಲು ನಿಮ್ಮ ಬಟ್ಟಲಿಗೆ ಬೀಳಬಾರದು ಅಂತ ಸಾರ್," ಎಂದಳು. ದನಿ ಸಣ್ಣಗಾಗಿತ್ತು.

ಅರುಣಾ ಮೇಡಂ ನಗಲಿಲ್ಲ. "ಹಾಗೆ ಕುಡಿದರೆ ರುಚಿ ಸಿಗುತ್ತಾ?"

"ಸಿಗ್ತದೆ ಮೇಡಂ."

"ಸರಿ. ಐದೂ ನೋಡಿ."

ಅವಳು ಹಾಗೆಯೇ ಐದನ್ನೂ ನೋಡಿ, ಉಗುಳಿ, ಮೂರನೆಯದಕ್ಕೆ ವಾಪಸು ಬಂದಳು. "ಇದ್ರಲ್ಲಿ ದೋಷ ಇದೆ."

"ಮೂರನೇದಾ? ಅದು ಈ ವರ್ಷದ ನಮ್ಮ ಒಳ್ಳೇ ಲಾಟಿನ ಬೀಜ ಕಣಮ್ಮ," ಎಂದರು ಬಸವರಾಜು. "ಇನ್ನೊಂದು ಸಲ ನೋಡ್ಕೊಂಡು ಹೇಳಿ."

ಅವರು ನಿಜ ಹೇಳಿದರೋ, ಬೇಕೆಂದೇ ಕೆಣಕಿದರೋ ನನಗೆ ತಿಳಿಯಲಿಲ್ಲ. ಗಾನಶ್ರೀ ಅವರ ಮುಖ ನೋಡಲಿಲ್ಲ. ನನ್ನ ಕಡೆಗೂ ತಿರುಗಲಿಲ್ಲ. ಚಮಚವನ್ನು ಬಿಸಿನೀರಲ್ಲಿ ಅದ್ದಿ, ಮೂರನೇ ಬಟ್ಟಲಿಂದ ತೆಗೆದು, ಈ ಸಲ ನೇರ ತುಟಿಗಿಟ್ಟು ಎಳೆದಳು. ಆ ಸದ್ದಿಗೆ ಕಾರಿಡಾರಿನಲ್ಲಿ ಫೈಲು ಹಿಡಿದು ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು.

"ಕಾಫಿ ಒಳ್ಳೇದೇ ಸಾರ್," ಎಂದಳು. "ಗೋಣಿ ಹಳೇದು."

ಅರುಣಾ ಮೇಡಂ ಏನೋ ಬರೆದುಕೊಂಡರು. "ಮನೇಲಿ ಹೀಗೆ ಕುಡಿಯಕ್ಕೆ ಬಿಡ್ತಾರಾ?" ಎಂದು ಕೇಳಿದರು.

"ಮನೇಲಿ ಎತ್ತಿಯೇ ಕುಡೀತೇನೆ ಮೇಡಂ. ಕೆಲಸದಲ್ಲಿ ಹೀಗೆ ಕುಡೀತೇನೆ. ಮೊದಲು ಮನೆ ಅಭ್ಯಾಸ ಬಿಡಲಿಲ್ಲ."

ಅವಳ ಬಾಯಿಂದ ಅಷ್ಟು ಉದ್ದದ ಮಾತು ಹೊರಗಿನವರ ಎದುರು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಪ್ಪಾಯಿತು ಎಂದು ಕೈ ಮುಗಿಯಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು.

ಹಿಂತಿರುಗುವ ಬಸ್ಸಿನಲ್ಲಿ ಅವಳು ಕೆಲಸ ಸಿಕ್ಕೀತಾ ಎಂದು ನನ್ನನ್ನು ಕೇಳಲಿಲ್ಲ. "ಸಿಗದಿದ್ರೂ ಇನ್ನೊಂದು ಕಡೆಗೆ ಅರ್ಜಿ ಹಾಕ್ತೇನೆ ದೊಡ್ಡಮ್ಮ," ಎಂದು ಹೇಳಿ, ಮೂಡಿಗೆರೆಯ ಹ್ಯಾಂಡ್‌ಪೋಸ್ಟಿನವರೆಗೆ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು.

ಅದಾಗಿ ಎಂಟನೇ ದಿನ ಮಧ್ಯಾಹ್ನ ಫೋನು ಬಂತು. ಅವಳು ಎಸ್ಟೇಟಿನ ಕಣದಲ್ಲಿದ್ದಳಂತೆ. ಮುಂದಿನ ಸೋಮವಾರದಿಂದ ಬರಲಾಗುತ್ತದೆಯೇ ಎಂದು ಅರುಣಾ ಮೇಡಂ ಕೇಳಿದರು. ಅಪ್ಪನನ್ನು ಕೇಳಿ ಹೇಳುತ್ತೇನೆ ಎನ್ನಲಿಲ್ಲ. "ಬರ್ತೇನೆ ಮೇಡಂ" ಎಂದು ಒಪ್ಪಿಯೇ ಮನೆಗೆ ಬಂದಳು.

ಸಂಜೆ ಶಂಭು ಭಟ್ಟರು ನಮ್ಮ ಜಗಲಿಗೆ ಬಂದು ಕೂತರು. "ಮೂರು ಜನರ ಚಮಚ ಒಂದೇ ಬಟ್ಟಲಿಗಂತೆ. ಅವಳೇ ಹೇಳಿದಳು. ಮುಚ್ಚಿಡಲಿಲ್ಲ."

"ಬೇಡ ಅಂದಿರಾ?"

"ಬೇಡ ಅನ್ನಲಿಕ್ಕೆ ಅವಳು ನನ್ನ ಕೇಳಲೇ ಇಲ್ಲವಲ್ಲ!" ಎಂದರು. ಮಗಳ ಮೇಲಿನ ದೂರೆಂದು ಶುರುವಾದ ಆ ಮಾತು ಮುಗಿಯುವಾಗ ಹೆಮ್ಮೆಯಂತೆ ಕೇಳಿಸಿತು. ಜಗಲಿಯಿಂದ ಏಳುತ್ತಾ, "ಊಟಕ್ಕೆ ಕೂರುವ ಮೊದಲು ಬಾಯಿ ಮುಕ್ಕಳಿಸು ಅಂದೆ. ಅಷ್ಟೇ," ಎಂದರು. ಸೋಮವಾರ ಮೊದಲ ಬಸ್ಸಿಗೆ ಅವರೇ ಅವಳ ಬ್ಯಾಗು ಹೊತ್ತು ಹೋಗಿ ಹತ್ತಿಸಿ ಬಂದರು. ಪೂಜೆ ಅರ್ಧ ಗಂಟೆ ತಡವಾಯಿತು. ಅವತ್ತು ದೇವಸ್ಥಾನಕ್ಕೆ ಬಂದವರಿಗೆಲ್ಲ ತಡವಾದದ್ದು ಯಾಕೆಂದು ಅವರೇ ಕರೆದು ಕರೆದು ಹೇಳಿದರು.