ರುಕ್ಮಿಣಿ ಟೀಚರ ಜಮಖಾನ

ಸಿಟ್ಟು ಬಂದರೆ ರುಕ್ಮಿಣಿ ಟೀಚರ್ ನೆಲದ ಮೇಲೆ ಕೂತುಬಿಡುತ್ತಿದ್ದರು. ಕ್ಲಾಸಿನಲ್ಲಿ ಹುಡುಗಿಯರು ಜಡೆ ಹಿಡಿದು ಕಾದಾಡುತ್ತಿದ್ದರೂ ಸರಿ, ಸೀರೆ ಒತ್ತರಿಸಿಕೊಂಡು, ತಮ್ಮ ದಪ್ಪ ದೇಹವನ್ನು ನಿಧಾನಕ್ಕೆ ಇಳಿಸಿ, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದರು. ಕಣ್ಣು ತೆರೆಯುವಷ್ಟರಲ್ಲಿ ಕ್ಲಾಸು ತಾನಾಗಿ ತೆಪ್ಪಗಾಗಿರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ವೇಲಚೇರಿಯ ಗುಡಿಸಲುಗಳ ಮಕ್ಕಳು ಬರುತ್ತಿದ್ದ ಶಾಲೆ ನಮ್ಮದು. ನಾನು ಲೆಕ್ಕದ ಟೀಚರು, ಅವರು ಸಮಾಜದ್ದು. ಸ್ಟಾಫ್‌ರೂಮಿನಲ್ಲಿ ಕನ್ನಡದವರು ನಾವಿಬ್ಬರೇ. ಅವರ ಮನೆಯವರು ಅಜ್ಜನ ಕಾಲದಿಂದ ವೆಸ್ಟ್ ಮಾಂಬಲಂನಲ್ಲಿ ನೆಲೆಸಿದವರಾದ್ದರಿಂದ ಕನ್ನಡದ ತುಂಬ ತಮಿಳು.

"ಹೊಡೆದ್ರೆ ಮಗು ಭಯ ಪಡತ್ತೆ ಲಲಿತಾ, ಅವ್ವಳವುದಾನ್, ಅಷ್ಟೇ. ತಾನೇನು ಮಾಡ್ದೆ ಅಂತ ಅದಕ್ಕೆ ಗೊತ್ತೇ ಆಗಲ್ಲ" ಅನ್ನುತ್ತಿದ್ದರು.

ಜಗಳವಾದರೆ ಮನೆಯಿಂದ ತಂದಿಟ್ಟಿದ್ದ ಜಮಖಾನ ಹಾಸಿ ಎಲ್ಲರನ್ನೂ ಸುತ್ತ ಕೂರಿಸುತ್ತಿದ್ದರು. ಮೊದಲು ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕು. ಆಮೇಲೆ ನೋವಾದವರ ಮಾತು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಕೊನೆಗೆ ನೋವು ಮಾಡಿದವರಿಗೆ ಒಂದೇ ಪ್ರಶ್ನೆ: "ಇದನ್ನ ಹೇಗೆ ಸರಿ ಮಾಡ್ತೀಯಾ, ಕಣ್ಣಾ?" ದೇವಿ ಎಂಬ ಮುಂಗೋಪಿ ಹುಡುಗಿ ಒಮ್ಮೆ ಗೆಳತಿಯ ಲಂಗ ಹರಿದುಹಾಕಿದ್ದಳು. ಜಮಖಾನದ ಮೇಲೆ ಗೆಳತಿಯ ಅಳು ಕೇಳಿ, ಮಾರನೆಯ ದಿನ ತಾನೇ ಸೂಜಿ ದಾರ ತಂದು ಹೊಲಿದುಕೊಟ್ಟಳು. ಹೊಲಿಗೆ ಅಂಕುಡೊಂಕು. ಗೆಳತಿ ಅದನ್ನೇ ಉಟ್ಟುಕೊಂಡು ತಿರುಗಿದಳು.

ದೇವಿ ಹತ್ತನೆಯ ಕ್ಲಾಸಿನಲ್ಲಿದ್ದಾಗ ಪಿ.ಟಿ. ಟೀಚರ ಚಿನ್ನದ ಸರ ಕಾಣೆಯಾಯಿತು. ಅವಳ ಮೇಲೆ ಅನುಮಾನ. ಶಾಲೆಯ ಮಾಲೀಕರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಅವಳ ಚೀಲ ಕೊಡವಿಸಿದರು. ಏನೂ ಸಿಗದಿದ್ದರೂ ಪೊಲೀಸರಿಗೆ ಒಪ್ಪಿಸಿದರು. ಅವರು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿ ಕಳಿಸಿದರು. ವಾರ ಕಳೆದ ಮೇಲೆ ಸರ ಪಿ.ಟಿ. ಟೀಚರ ಮನೆಯ ಹಾಸಿಗೆಯಡಿಯಲ್ಲೇ ಸಿಕ್ಕಿತು. ದೇವಿಗೆ ಯಾರೂ ತಪ್ಪಾಯಿತೆನ್ನಲಿಲ್ಲ.

ರುಕ್ಮಿಣಿ ಟೀಚರ್ ಆಗ ಶಾಲೆಯ ಹಾಲ್‌ನಲ್ಲಿ ಜಮಖಾನ ಹಾಸಿ, ಮಾಲೀಕರನ್ನೂ ಪಿ.ಟಿ. ಟೀಚರನ್ನೂ ಕರೆದರು. ದೇವಿ ತನ್ನ ತಾಯಿಯ ಜೊತೆ ಬಂದು ಕೂತಳು. ಮಾಲೀಕರು ಬಾಗಿಲಲ್ಲೇ ನಿಂತು ನಕ್ಕರು. "ಇದೆಲ್ಲ ಮಕ್ಕಳಿಗೆ ಅಮ್ಮಾ. ನಾವು ಕೂತ್ರೆ ಶಾಲೆ ಮರ್ಯಾದೆ ಏನಾಗಬೇಕು?" ಎಂದು ತಮಿಳಿನಲ್ಲಿ ಅಂದು ಹೊರಟೇಹೋದರು. ಪಿ.ಟಿ. ಟೀಚರ್ ಇತ್ತ ಸುಳಿಯಲೇ ಇಲ್ಲ.

ತುಂಬ ಹೊತ್ತು ಕಾದ ದೇವಿ ಕೇಳಿದಳು: "ಹಾಗಾದ್ರೆ ಇದು ನಮಗೆ ಮಾತ್ರಾನಾ ಟೀಚರ್?"

ಮರುದಿನದಿಂದ ದೇವಿ ಶಾಲೆಗೆ ಬರಲಿಲ್ಲ. ಪಲ್ಲಾವರಂ ಕಡೆ ಗಾರ್ಮೆಂಟ್ಸ್ ಸೇರಿದಳೆಂದು ತಿಳಿಯಿತು.

ಅದೇ ವರ್ಷ ಶಾಲೆ ನೋಡಲು ಹೊರದೇಶದವರು ಬರುವವರಿದ್ದರು. ಮಕ್ಕಳನ್ನು ಸುತ್ತ ಕೂರಿಸಿ ತೋರಿಸಿ ಎಂದು ಮಾಲೀಕರು ಹೇಳಿದರು. "ದೇವಿ ಎದುರು ನೀವು ಕೂತ ದಿನ ತೋರಿಸ್ತೀನಿ" ಅಂದರು ಟೀಚರ್. ಪರೀಕ್ಷೆ ಮುಗಿಯುತ್ತಲೇ ಅವರನ್ನು ಕೆಲಸದಿಂದ ತೆಗೆದರು.

ಕೆಲವು ವರ್ಷಗಳ ಮೇಲೆ, ಕಾಯಿಲೆ ಬಿದ್ದಿದ್ದಾರೆಂದು ಕೇಳಿ ಮಾಂಬಲಂಗೆ ಹೋದೆ. ಆ ದಪ್ಪ ದೇಹ ಮಂಚದಲ್ಲಿ ಮಗುವಿನಷ್ಟಾಗಿತ್ತು. ಶಾಲೆಯಲ್ಲಿ ಈಗಲೂ ಬೆಳಿಗ್ಗೆ ಮೈಕಿನಲ್ಲಿ ಹೇಳಿ ಮಕ್ಕಳಿಗೆ ಕಣ್ಣು ಮುಚ್ಚಿಸುತ್ತಾರೆ ಎಂದೆ, ಸಂತೋಷವಾಗಬಹುದೆಂದು.

"ಅದು ಮಾತ್ರ ಇಟ್ಕೊಂಡ್ರಾ? ಇಟ್ಕೊಳ್ತಾರೆ. ಮಕ್ಕಳು ಸುಮ್ನಿರ್ತವಲ್ಲ" ಅಂದರು. ಆಮೇಲೆ, "ದೇವಿ ಸಿಕ್ಕಿದ್ಳಾ?"

ಪಲ್ಲಾವರಂ ಸಂತೆಯಲ್ಲಿ ಕಂಡಿದ್ದಳು, ಕಂಕುಳಲ್ಲಿ ಕೂಸು. ನಾನು ಕೂಗಿದೆ, ತಿರುಗಿ ನೋಡಿ, ಗುರುತು ಹಿಡಿದೂ ಹೊರಟುಹೋದಳು. ಮರೆಮಾಚದೆ ಹೇಳಿದೆ.

"ಸರಿಯಾಗೇ ಮಾಡಿದಾಳೆ" ಎಂದು ಟೀಚರ್ ಗೋಡೆಯ ಕಡೆ ಹೊರಳಿದರು. ನಾನು ಹೊರಡಲೆಂದು ಎದ್ದೆ. ಅವರು ಮತ್ತೆ ಇತ್ತ ತಿರುಗಲಿಲ್ಲ. ಆ ವರ್ಷದ ಆಡಿ ತಿಂಗಳಲ್ಲೇ, ನಮ್ಮ ಆಷಾಢದ ಹೊತ್ತಿಗೆ, ಹೋಗಿಬಿಟ್ಟರು.