ಮೇ ತಿಂಗಳಲ್ಲಿ ನೋಡಿದ ಮೈದಾನ

ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಎಂದು ಬರೆದ ಒಂದು ಕಿಟಕಿ ಇದೆ. ಅದರ ಹಿಂದೆ ಕೂತು ನನ್ನ ಅರ್ಧ ಆಯುಷ್ಯ ಕಳೆಯಿತು. ಯಾವ ಗಾಡಿ ಎಷ್ಟಕ್ಕೆ ಹೊರಡಬೇಕು, ಎಷ್ಟಕ್ಕೆ ತಿರುಗಿ ಬರಬೇಕು ಎಂದು ಹೇಳುವುದು ನನ್ನ ಕೆಲಸ. ಎರಡು ನಿಮಿಷ ತಡ ಮಾಡಿದ ಡ್ರೈವರಿಗೆ ನಾನು ಬೈಯುವುದು ಕೊನೆಯ ಪ್ಲಾಟ್‌ಫಾರ್ಮಿನ ತನಕ ಕೇಳುತ್ತಿತ್ತಂತೆ. ಮನೆಯಲ್ಲೂ ಅದೇ ಚಾಳಿ. ಚಹಾ ತಡವಾದರೆ ಗಡಿಯಾರ ನೋಡುತ್ತೇನೆ. "ನೀವು ಆ ಗಡಿಯಾರಾನೇ ಲಗ್ನ ಆಗಬೇಕಿತ್ತು ನೋಡ್ರಿ" ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಹೊತ್ತಿನ ವಿಷಯದಲ್ಲಿ ನನ್ನಷ್ಟು ಪಕ್ಕಾ ಮನುಷ್ಯ ಇಲ್ಲ ಎಂದು ನಾನೂ ನಂಬಿಕೊಂಡಿದ್ದೆ. ಆ ಸೊಕ್ಕು ಮುರಿದದ್ದು ನಿವೃತ್ತಿಯಾದ ಮೇಲೆ, ಅದೂ ಒಂದು ಫುಟ್‌ಬಾಲ್ ಮೈದಾನದ ದೆಸೆಯಿಂದ.

ಕಲಬುರಗಿಯ ಆಸುಪಾಸಿನಲ್ಲಿ ಫುಟ್‌ಬಾಲ್ ಕ್ರೀಡಾಂಗಣ ಕಟ್ಟಬೇಕು ಎಂಬ ಮಾತು ಬಂದಾಗ ನಾನು ಇನ್ನೂ ನೌಕರಿಯಲ್ಲಿದ್ದೆ. ಜಾಗ ಹುಡುಕಲು ಸಣ್ಣ ಸಮಿತಿ ಮಾಡಿದರು. ಒಬ್ಬ ಹಿರಿಯ ಅಧಿಕಾರಿ, ಒಬ್ಬ ಎಂಜಿನಿಯರ್, ಬಸ್ಸಿನ ದಾರಿ ಗೊತ್ತಿದ್ದವನೆಂದು ನಾನು, ಆಟ ಗೊತ್ತಿದ್ದವರೆಂದು ಆಪಾ.

ಆಪಾ ಕಲಬುರಗಿಯ ಗಾಜಿಪುರ ಓಣಿಯ ಒಂದು ಉರ್ದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್. ಐವತ್ತು ದಾಟಿದ ಹೆಂಗಸು. ಬುರ್ಖಾದ ಅಂಚಿನ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಕಪ್ಪು ದಾರದ ಸೀಟಿ. ಶಾಲೆಯ ಮಕ್ಕಳಿಂದ ಹಿಡಿದು ಓಣಿಯ ತರಕಾರಿಯವನ ತನಕ ಎಲ್ಲರೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದರು. ಅಕ್ಕ ಎನ್ನುವ ಆ ಮಾತು ನನ್ನ ಬಾಯಿಗೂ ಬಂತು. ಅವರು ನನಗೆ ಅಣ್ಣಾ ಎನ್ನುತ್ತಿದ್ದರು. ಯಾರು ದೊಡ್ಡವರು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಅವರ ತಂಡದಲ್ಲಿ ಹದಿನಾರು ಹುಡುಗಿಯರಿದ್ದರು. ನೆಹರು ಗಂಜ್ ಎಂಬ ಕಾಳಿನ ಮಾರುಕಟ್ಟೆಯ ಹಿಂದೆ, ತೊಗರಿಯ ಗೋದಾಮುಗಳ ನಡುವಿನ ಒಂದು ಬಯಲಿನಲ್ಲಿ ಆಡುತ್ತಿದ್ದರು. ಒಂದು ಮಗ್ಗುಲಿಗೆ ಲಾರಿ ನಿಲ್ಲುತ್ತಿದ್ದವು, ಗಾಳಿ ಬಂದರೆ ಬೇಳೆಯ ಹೊಟ್ಟು ಕಣ್ಣಿಗೆ ಬೀಳುತ್ತಿತ್ತು. ಆದರೆ ಶಾಲೆಯಿಂದ ಅಲ್ಲಿಗೆ ನಡೆದು ಹೋಗಬಹುದಿತ್ತು. ಆ ಹುಡುಗಿಯರ ಮನೆಗಳಲ್ಲಿ ಆಟಕ್ಕೆ ಇದ್ದದ್ದು ಒಂದೇ ಕರಾರು: ಸೂರ್ಯ ಮುಳುಗಿದಾಗ ಮಸೀದಿಯಿಂದ ಮಗ್ರಿಬ್‌ನ ಆಜಾನ್ ಕೇಳುವ ಮೊದಲು ಹುಡುಗಿ ಹೊಸ್ತಿಲ ಒಳಗಿರಬೇಕು. ಆ ಒಂದು ಕರಾರಿಗೆ ಒಪ್ಪಿಸಲು ಆಪಾ ಹದಿನಾರು ಮನೆ ಹತ್ತಿ ಇಳಿದಿದ್ದರು. ಕೆಲವು ಮನೆಗೆ ನಾಲ್ಕು ಸಲ. ಒಂದು ದಿನ ಒಂದು ಹುಡುಗಿ ತಡವಾಗಿ ಹೋದರೆ ಹದಿನಾರು ಬಾಗಿಲೂ ಮುಚ್ಚುತ್ತವೆ ಎಂದು ಅವರು ಮೊದಲ ಸಭೆಯಲ್ಲೇ ಹೇಳಿದ್ದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ ಕೂಡ.

ಕೊನೆಗೆ ಎರಡು ಜಾಗ ಉಳಿದವು. ಎರಡೂ ಒಂದೇ ರಸ್ತೆಯಲ್ಲಿ. ಊರು ಮುಗಿಯುವಲ್ಲಿ, ಶಾಲೆಯಿಂದ ಕಾಲು ತಾಸಿನ ದಾರಿಯಲ್ಲಿ, ಕಪನೂರ. ವರ್ಕ್‌ಶಾಪುಗಳ ಮಗ್ಗುಲಲ್ಲಿ ಒಂದು ಇಕ್ಕಟ್ಟಾದ ಜಾಗ. ಸಿಟಿ ಬಸ್ಸು, ಶೇರ್ ಆಟೋ ಯಾವಾಗ ಬೇಕಾದರೂ ಸಿಗುತ್ತಿದ್ದವು, ಆದರೆ ಹತ್ತು ಕಾರು ಬಂದರೆ ಹನ್ನೊಂದನೆಯದಕ್ಕೆ ನಿಲ್ಲಲು ಜಾಗವಿಲ್ಲ. ಅದೇ ರಸ್ತೆಯಲ್ಲಿ ಹತ್ತಿರ ಹತ್ತಿರ ಒಂದು ತಾಸು ಮುಂದೆ ಹೋದರೆ ಕಮಲಾಪುರ. ಅಲ್ಲಿ ಹೆದ್ದಾರಿಗೆ ಹತ್ತಿದ ವಿಶಾಲ ಸರ್ಕಾರಿ ಜಮೀನು. ಎಷ್ಟು ಕಾರಾದರೂ ಬರಲಿ. ರೈಲು ಕೂಡ ನಿಲ್ಲುತ್ತದೆ. ಅಧಿಕಾರಿಗಳಿಗೆ ಕಾರಿನ ಜಾಗವೇ ಕಣ್ಣಿಗೆ ತುಂಬಿತ್ತು.

ನನ್ನ ಕಣ್ಣಿಗೆ ತುಂಬಿದ್ದು ಬೇರೆ. ಕಮಲಾಪುರ ನನ್ನ ಹುಟ್ಟೂರು. ನೌಕರಿಗೆ ಸೇರಿದ ದಿನದಿಂದ ಸಹೋದ್ಯೋಗಿಗಳು ಕಾಡಿದ್ದೇ ಕಾಡಿದ್ದು: "ನಿಮ್ಮೂರಾಗ ಕೆಂಪು ಬಾಳೆಹಣ್ಣು ಬಿಟ್ರ ಮತ್ತೇನದರೀ?" ನಾನು ನಗುತ್ತಿದ್ದೆ. ಊರಿಗೆ ಹೋದಾಗ ಒಂದು ಗೊನೆ ತಂದು ಅವರಿಗೇ ಹಂಚುತ್ತಿದ್ದೆ. ಹಂಚಿ ತಿಂದ ಬಾಯಿಯಲ್ಲೇ ಮತ್ತೆ ಅದೇ ಮಾತು. ಈಗ ನನ್ನ ಊರಿನಲ್ಲಿ ಕ್ರೀಡಾಂಗಣ, ದೊಡ್ಡ ದೀಪಗಳು, ಜನ! ಸಮಿತಿಯ ಸಭೆಯಲ್ಲಿ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬಸ್ಸಿನ ಮಾತಾಡಿದೆ. "ಪ್ರಯಾಣದ ಚಿಂತಿ ನನಗ ಬಿಡ್ರಿ. ಟ್ರಯಲ್ ಟ್ರಿಪ್ ಮಾಡಿ ತೋರಿಸ್ತೇನಿ" ಎಂದೆ.

ಹೊಸ ಮಾರ್ಗಕ್ಕೆ ಮೊದಲು ಒಂದು ಟ್ರಯಲ್ ಟ್ರಿಪ್ ಬಿಟ್ಟು ನೋಡುವುದು ನಮ್ಮಲ್ಲಿ ರೂಢಿ. ಅದನ್ನು ಮೇ ತಿಂಗಳಲ್ಲೇ ಬಿಡುತ್ತಿದ್ದೆವು. ಶಾಲೆಗೆ ರಜೆ ಇರುವುದರಿಂದ ಮಕ್ಕಳನ್ನು ಒಯ್ಯುವ ಗಾಡಿಗಳು ಡಿಪೋದಲ್ಲಿ ಸುಮ್ಮನೆ ನಿಂತಿರುತ್ತವೆ. ಇಷ್ಟು ವರ್ಷ ನಾನು ನೋಡಿದ ಟ್ರಯಲ್‌ಗಳೆಲ್ಲ ಮೇ ತಿಂಗಳವೇ. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಮಧ್ಯಾಹ್ನ ಮೂರೂಕಾಲಿಗೆ ಗಾಜಿಪುರದಿಂದ ಬಸ್ಸು ಹೊರಟಿತು. ಕಲಬುರಗಿಯ ಮೇ ಬಿಸಿಲು ಗೊತ್ತಲ್ಲ, ಕಿಟಕಿಯ ಸರಳು ಮುಟ್ಟಲು ಬರುವುದಿಲ್ಲ. ಹುಡುಗಿಯರಿಗೆ ಅದರ ಪರಿವೆಯೇ ಇರಲಿಲ್ಲ. ಒದ್ದೆ ದುಪಟ್ಟಾ ತಲೆಗೆ ಸುತ್ತಿಕೊಂಡು ಗದ್ದಲವೋ ಗದ್ದಲ. ಎಂಟು ಮುಗಿಸಿ ಒಂಬತ್ತನೆಯ ತರಗತಿಗೆ ಹೋಗಲಿದ್ದ ಒಬ್ಬ ಎತ್ತರದ ಹುಡುಗಿ ಗೋಲ್‌ಕೀಪರ್. ಅವಳ ಅಪ್ಪ ಕಪನೂರಿನ ವರ್ಕ್‌ಶಾಪಿನಲ್ಲಿ ವೆಲ್ಡರ್. ಅವನ ಹಳೆಯ ಚರ್ಮದ ಕೈಗವಸುಗಳನ್ನು ಬೆರಳಿನ ಹತ್ತಿರ ಕತ್ತರಿಸಿ, ಹೊಲಿದು, ಅವಳು ಆಟಕ್ಕೆ ಹಾಕಿಕೊಳ್ಳುತ್ತಿದ್ದಳು. ಬಸ್ಸು ಕಪನೂರ ದಾಟುವಾಗ ಕಿಟಕಿಯಿಂದ ಎರಡೂ ಗವಸು ಹೊರಗೆ ಹಾಕಿ ಬೀಸಿದಳು. ಅಪ್ಪ ನೋಡಿದನೋ ಇಲ್ಲವೋ ಗೊತ್ತಿಲ್ಲ. ಇಡೀ ಬಸ್ಸು ಚಪ್ಪಾಳೆ ತಟ್ಟಿತು.

ಕಮಲಾಪುರ ಮುಟ್ಟಿದಾಗ ನಾಲ್ಕೂಕಾಲು. ಆ ಖಾಲಿ ಜಮೀನಿನಲ್ಲಿ ಇಟ್ಟಂಗಿಗಳನ್ನು ಗೋಲ್ ಕಂಬ ಮಾಡಿಕೊಂಡು ಐದೂಕಾಲಿನ ತನಕ ಆಡಿದರು. ಲಾರಿ ಇಲ್ಲ, ಹೊಟ್ಟಿಲ್ಲ. ಚೆಂಡು ಎಷ್ಟು ದೂರ ಒದ್ದರೂ ಗೋಡೆ ಇಲ್ಲ. ನಾನು ಬೇವಿನ ಮರದ ಕೆಳಗೆ ನಿಂತು ಯಜಮಾನನ ಹಾಗೆ ನೋಡುತ್ತಿದ್ದೆ. ನನ್ನ ಊರು, ನನ್ನ ಬಸ್ಸು.

ಆಪಾ ಬಂದು ಪಕ್ಕದಲ್ಲಿ ನಿಂತರು. "ಅಣ್ಣಾ, ಜಗಾ ಛಲೋ ಅದ. ಖರೇ ಹೇಳ್ತೀನಿ, ಬಹುತ್ ಛಲೋ ಅದ. ಆದ್ರ ಸ್ಕೂಲ್ ಚಾಲೂ ಆದಮ್ಯಾಲ ಹ್ಯಾಂಗ್ರಿ? ಥಂಡಿ ದಿನದಾಗ ಸೂರ್ಯ ಲಗೂನ ಮುಳುಗತಾನ."

"ಆಪಾ, ಬಸ್ ಬಿಡೋ ಮನುಷ್ಯಾ ನಾನು ಇದ್ದೀನಲ್ಲ? ಟೈಮ್ ಹಿಂದ ಮುಂದ ಮಾಡೋದು ನನ್ನ ಕೈಯಾಗ ಅದ. ನೀವ್ಯಾಕ ಫಿಕರ್ ಮಾಡಾಕತ್ತೀರಿ?"

ಅವರು ಹುಡುಗಿಯರ ಕಡೆ ನೋಡಿದರು. "ನಿಮ್ಮ ಜಬಾನ್ ಮ್ಯಾಲ ಭರೋಸಾ ಇಡ್ತೀನಿ ಅಣ್ಣಾ" ಎಂದರು.

ಗಾಜಿಪುರಕ್ಕೆ ತಿರುಗಿ ಬಂದಾಗ ಆರೂಕಾಲು ದಾಟಿತ್ತು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು, ಮಗ್ರಿಬ್‌ಗೆ ಅರ್ಧ ತಾಸು ಬಾಕಿ. ನಾನು ಗಡಿಯಾರ ಕಟ್ಟಿದ ಕೈ ಎತ್ತಿ ಆಪಾಗೆ ತೋರಿಸಿದೆ. ಅವರು ನಕ್ಕರು.

ಮುಂದಿನ ಸಭೆಯಲ್ಲಿ ಎಲ್ಲರೂ ಕಮಲಾಪುರಕ್ಕೆ ಸಹಿ ಹಾಕಿದೆವು. ವರದಿಯಲ್ಲಿ ಕಾರಿನ ಬಗ್ಗೆ ಒಂದು ಪುಟ, ರೈಲಿನ ಬಗ್ಗೆ ಒಂದು ಪ್ಯಾರಾ, ಬಸ್ಸಿನ ಬಗ್ಗೆ ನಾನು ಬರೆದ ಒಂದೇ ಸಾಲು: ಪರೀಕ್ಷಿಸಿ ನೋಡಲಾಗಿದೆ, ತೃಪ್ತಿಕರವಾಗಿದೆ. ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಹೊಸ ಕ್ರೀಡಾಂಗಣ ಶುರುವಾದ ಮೇಲೆ ಗಂಜಿನ ಹಿಂದಿನ ಬಯಲನ್ನು ಲಾರಿ ನಿಲ್ದಾಣಕ್ಕೆ ಬಿಟ್ಟುಕೊಡುವುದು. ಅದರ ಕೆಳಗೆ ಪೆನ್ನು ಹಿಡಿದು ಆಪಾ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅವರು ಉರ್ದುವಿನಲ್ಲಿ ನಿಧಾನವಾಗಿ ಸಹಿ ಹಾಕಿದರು.

ಶಾಲೆ ಬಿಡುವುದು ನಾಲ್ಕೂವರೆಗೆ. ಕಮಲಾಪುರಕ್ಕೆ ಒಂದು ತಾಸು. ಚಳಿಗಾಲದಲ್ಲಿ ಮಗ್ರಿಬ್ ಆರಕ್ಕೂ ಮೊದಲೇ ಬರುತ್ತದೆ. ಇದು ಲೆಕ್ಕವೇ? ಡಿಪೋಗೆ ನಿನ್ನೆ ಸೇರಿದವನು ಕೂಡ ಬೆರಳು ಮಡಚಿ ಹೇಳುತ್ತಿದ್ದ. ಮೂವತ್ತು ಚಿಲ್ಲರೆ ವರ್ಷ ಇದನ್ನೇ ಮಾಡಿದ ನಾನು ಮಾಡಲಿಲ್ಲ. ಬಸ್ಸಿನ ಟೈಮು ಬದಲಿಸಬಹುದು ಎಂದೆ, ಅದು ಸುಳ್ಳಲ್ಲ. ಆದರೆ ಯಾವ ಟೈಮಿಗೆ ಬದಲಿಸಿದರೆ ಆ ಹುಡುಗಿಯರು ಹೋಗಿ, ಆಡಿ, ಬೆಳಕಿದ್ದಾಗಲೇ ಮನೆ ಮುಟ್ಟುತ್ತಾರೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಬರುವ ಉತ್ತರ ಕಪನೂರ. ಅದು ನನಗೆ ಬೇಡವಾಗಿತ್ತು. ಮರೆತೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ.

ಕ್ರೀಡಾಂಗಣ ಏಳುವುದರೊಳಗೆ ನಾನು ನಿವೃತ್ತನಾದೆ. ಅದು ತೆರೆದದ್ದು ಮರುವರ್ಷ ನವೆಂಬರ್ ತಿಂಗಳಲ್ಲಿ. ಉದ್ಘಾಟನೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಹಸಿರು ಹುಲ್ಲು, ಬಿಳಿ ಗೆರೆ, ಸಾಲು ಸಾಲು ಕಾರು. ನನ್ನ ಕಿಟಕಿಗೆ ಬಂದ ಹೊಸ ಕಂಟ್ರೋಲರ್ ವರದಿಯ ಪ್ರಕಾರ ಒಂದು ಬಸ್ಸು ಕೂಡ ಹಾಕಿದ್ದ. ಶಾಲೆ ಬಿಟ್ಟ ಮೇಲೆ ನಾಲ್ಕು ನಲವತ್ತಕ್ಕೆ ಗಾಜಿಪುರದಿಂದ.

ಮುಂದೆ ಆದದ್ದನ್ನು ನನಗೆ ಹೇಳಿದ್ದು ಆ ಬಸ್ಸಿನ ಕಂಡಕ್ಟರ್. ಮೊದಲ ದಿನ ಹದಿನಾರೂ ಹುಡುಗಿಯರು ಹತ್ತಿದ್ದರಂತೆ. ಕಮಲಾಪುರ ಮುಟ್ಟುವಾಗ ಐದು ನಲವತ್ತು. ಬೂಟು ಬಿಚ್ಚಿ ಬರಿಗಾಲಿನಲ್ಲಿ ಹುಲ್ಲಿನ ಮೇಲೆ ಒಂದು ಸುತ್ತು ಓಡಿದರಂತೆ, ಅಷ್ಟರಲ್ಲಿ ಅಲ್ಲಿನ ಮಸೀದಿಯಲ್ಲೇ ಆಜಾನ್ ಆಯಿತು. ಓಡಿ ಬಂದು ಬಸ್ಸು ಹತ್ತಿದರು. ಗಾಜಿಪುರ ಮುಟ್ಟಿದಾಗ ಪೂರಾ ಕತ್ತಲೆ. ಓಣಿಯ ಬಾಯಿಯಲ್ಲಿ ಅಪ್ಪಂದಿರು, ಅಣ್ಣಂದಿರು ನಿಂತಿದ್ದರು. "ಯಾರೂ ಒಂದು ಮಾತು ಆಡಲಿಲ್ರಿ ಸಾಹೇಬ್ರ. ಸುಮ್ನ ತಮ್ಮ ತಮ್ಮ ಹುಡುಗೇರ್ನ ಕರ್ಕೊಂಡು ಹೋದ್ರು" ಎಂದ ಕಂಡಕ್ಟರ್. ಅವರು ಬೈದಿದ್ದರೆ ಎಷ್ಟೋ ಛಲೋ ಇತ್ತು. ಬೈದವರನ್ನು ಆಪಾ ಒಪ್ಪಿಸಬಲ್ಲರು.

ಎರಡನೆಯ ದಿನ ಏಳು ಹುಡುಗಿಯರು. ಮೂರನೆಯ ದಿನ ಇಬ್ಬರು. ಆಮೇಲೆ ಆಪಾ ಒಬ್ಬರೇ. "ಏಳೆಂಟು ದಿನ ಒಬ್ರೇ ಬಂದ್ರು ನೋಡ್ರಿ. ‘ಚೀಟಿ ಕೊಡು ಬೇಟಾ, ಮಶೀನಿನಾಗ ಒಂದಾದ್ರೂ ಟಿಕೆಟ್ ಇರಲಿ, ಇಲ್ಲಂದ್ರ ಟ್ರಿಪ್ ಬಂದ್ ಮಾಡ್ತಾರ’ ಅಂತಿದ್ರು. ಕಮಲಾಪುರಕ್ಕ ಹೋಗಿ ಇಳೀತಿದ್ದಿಲ್ಲ. ಅದ ಸೀಟಿನಾಗ ಕೂತು ಅದ ಬಸ್ಸಿಗೆ ತಿರುಗಿ ಬರ್ತಿದ್ರು."

ಒಂದು ಟಿಕೆಟ್ಟಿನಿಂದ ಟ್ರಿಪ್ ಉಳಿಯುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜನರಿಲ್ಲವೆಂದು ಎಷ್ಟು ಟ್ರಿಪ್‌ಗಳನ್ನು ನಾನೇ ನಿಲ್ಲಿಸಿಲ್ಲ! ಆ ದಿನ ಮನೆಗೆ ಬಂದು ಅತ್ತುಬಿಟ್ಟೆ. ಹೆಂಡತಿ ಚಹಾ ಇಟ್ಟಳು. ನಾನು ಗಡಿಯಾರ ನೋಡಲಿಲ್ಲ.

ಮರುದಿನ ನನ್ನ ಹಳೆಯ ಕಿಟಕಿಗೆ ಹೋದೆ. ಟ್ರಿಪ್ ಆಗಲೇ ರದ್ದಾಗಿತ್ತು. ಹೊಸ ಕಂಟ್ರೋಲರ್ ಎದ್ದು ನಿಂತು ತನ್ನ ಕುರ್ಚಿ ಕೊಟ್ಟ. ಬೇರೆ ಟೈಮಿಗಾದರೂ ಹಾಕು ಎಂದೆ. ಪಾಪ, ಕಾಗದ ತೆಗೆದು ನನ್ನ ಮುಂದೆಯೇ ಬರೆದು ನೋಡಿದ. "ಸರ್, ಬಸ್ಸಿನ ಟೈಮ್ ನೀವು ಹೇಳಿದಂಗ ಮಾಡ್ತೇನ್ರಿ. ಸಾಲಿ ಬಿಡೋ ಟೈಮು, ಸೂರ್ಯ ಮುಳುಗೋ ಟೈಮು ನನ್ನ ಕೈಯಾಗ ಇಲ್ಲಲ್ರಿ" ಎಂದ. ಗಂಜಿನ ಕಡೆ ಹೋದೆ. ಬಯಲಿಗೆ ತಂತಿ ಬೇಲಿ ಬಂದಿತ್ತು. ಗೋಲ್ ಕಂಬ ಇದ್ದಲ್ಲಿ ಒಂದು ಲಾರಿಯ ಕೆಳಗೆ ಡ್ರೈವರ್ ಮಲಗಿದ್ದ.

ಆಪಾರ ಮನೆಗೆ ಹೋಗುವ ಧೈರ್ಯ ಕೂಡಿಸಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ಸಂಜೆ ಐದೂವರೆಯ ಹೊತ್ತು. ಅವರು ಅಂಗಳದಲ್ಲಿ ಕುರ್ಚಿ ಹಾಕಿದರು, ಚಹಾ ಕೊಟ್ಟರು. ಕೊರಳಲ್ಲಿ ಸೀಟಿ ಇರಲಿಲ್ಲ.

"ಆಪಾ, ನನ್ನ ಊರಂತ ಮಾಡಿದೆ" ಎಂದೆ. "ನಿಮ್ಮ ಹುಡುಗೇರ ಬಗ್ಗೆ ವಿಚಾರ ಮಾಡಲಿಲ್ಲ. ಮಾಫ್ ಮಾಡ್ರಿ."

ಅವರು ಲೋಟ ಕೆಳಗಿಟ್ಟರು. "ನೀವು ಸುಳ್ಳ ಹೇಳಿಲ್ಲ ಅಣ್ಣಾ" ಎಂದರು. "ಮೇ ತಿಂಗಳದಾಗ ಹೇಳಿದ್ರಿ, ಅಷ್ಟೇ."

ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ತಲೆ ತಗ್ಗಿಸಿ ಕೇಳಿ, ಹಗುರಾಗಿ ಮನೆಗೆ ಹೋಗುತ್ತಿದ್ದೆ.

ಅಷ್ಟರಲ್ಲಿ ಬಾಗಿಲಿನಲ್ಲಿ ಆ ಎತ್ತರದ ಹುಡುಗಿ ಬಂದು ನಿಂತಳು. ಹತ್ತನೆಯ ತರಗತಿಗೆ ಬಂದಿದ್ದಳು. ಶಾಲೆಯ ಜೆರ್ಸಿಯನ್ನು ಒಗೆದು, ಮಡಚಿ, ಆಪಾಗೆ ತಿರುಗಿಸಿ ಕೊಡಲು ತಂದಿದ್ದಳು. ಗವಸುಗಳು ಅಪ್ಪನ ಹತ್ತಿರ ವಾಪಸ್ ಹೋಗಿವೆಯಂತೆ. ಗವಸಿನ ಕತ್ತರಿಸಿದ ಬೆರಳಿಗೆ ತೇಪೆ ಹಾಕಿಕೊಂಡು ಅವನೇ ಕೆಲಸಕ್ಕೆ ಬಳಸುತ್ತಾನೆ ಎಂದಳು. ನನ್ನನ್ನು ನೋಡಿ ಗುರುತು ಹಿಡಿದು ಸಲಾಂ ಮಾಡಿದಳು. ಮುಖದಲ್ಲಿ ಅದೇ ಬಸ್ಸಿನೊಳಗಿನ ನಗು.

"ಅಂಕಲ್, ನಿಮ್ಮ ಬಸ್ ಮತ್ತ ಮೇ ತಿಂಗಳದಾಗ ಬರ್ತದಲ್ರಿ?"

ಮೇ ಹೊತ್ತಿಗೆ ಅವಳ ಶಾಲೆ ಮುಗಿದಿರುತ್ತದೆ. ಬಸ್ಸು ಬಿಡುವ ಅಧಿಕಾರ ನನಗಿಲ್ಲ. ಎರಡೂ ಗೊತ್ತಿದ್ದು ನಾನು ಬಾಯಿ ತೆರೆದೆ. ಆದರೆ ಉತ್ತರಕ್ಕೆ ಕಾಯಲು ಅವಳಿಗೆ ಹೊತ್ತಿರಲಿಲ್ಲ. ಆಕಾಶ ನೋಡಿದಳು, ದುಪಟ್ಟಾ ತಲೆಗೆ ಎಳೆದುಕೊಂಡಳು, ಓಣಿಯ ತುದಿಯ ತನಕ ಓಡಿದಳು. ಎಷ್ಟು ಚೆನ್ನಾಗಿ ಓಡುತ್ತಿದ್ದಳು! ದೂರದಲ್ಲಿ ಒಂದು ಬಾಗಿಲು ಮುಚ್ಚಿದ ಸದ್ದು ಕೇಳಿತು, ಆಮೇಲೆ ಆಜಾನ್.